ಛದ್ಮವೇಷಕ್ಕೂ ಬೇಕು ಆಧಾರ: ಕೃಷ್ಣದೇವರಾಯನ ತಲೆಯ ಮೇಲೆ ಏನಿತ್ತು?

ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘ-ಸಂಸ್ಥೆಗಳಲ್ಲಿ ರಾಜ್ಯೋತ್ಸವದ ಸಡಗರ. ಮಕ್ಕಳ ಛದ್ಮವೇಷ ಸ್ಪರ್ಧೆಯೆಂದರೆ ಸಭಾಂಗಣ ತುಂಬುತ್ತದೆ. ಆದರೆ ವೇಷ ತಯಾರಾಗುವುದು ಬಹುತೇಕ ಕೊನೆಯ ಎರಡು ದಿನಗಳಲ್ಲಿ. ಬಾಡಿಗೆ ಅಂಗಡಿಯ ಅದೇ ಕಿರೀಟ ರಾಮನಿಗೂ ಆಗುತ್ತದೆ, ಕೃಷ್ಣದೇವರಾಯನಿಗೂ ಆಗುತ್ತದೆ. ನಿರೂಪಕರು ಹೆಸರು ಹೇಳದಿದ್ದರೆ ಬಂದವರು ಯಾರೆಂದೇ ತಿಳಿಯದು.

ಇಂದಿನ ಯುವಕರು ಕಾಸ್‌ಪ್ಲೇ ಎಂದು ಕರೆಯುವುದೂ ಒಂದು ಬಗೆಯ ಛದ್ಮವೇಷವೇ. 2011ರಲ್ಲಿ ದೆಹಲಿಯಲ್ಲಿ ಆರಂಭವಾದ ಕಾಮಿಕ್ ಕಾನ್ ಮೇಳದಿಂದ ಇದು ನಮ್ಮಲ್ಲಿಯೂ ಪರಿಚಿತವಾಯಿತು. ಅವರಲ್ಲೊಂದು ಒಳ್ಳೆಯ ಪದ್ಧತಿಯಿದೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಪಾತ್ರದ ಮುಂಭಾಗ, ಪಕ್ಕ, ಬೆನ್ನು, ಪಾದರಕ್ಷೆ ಎಲ್ಲದರ ಚಿತ್ರ ಸಂಗ್ರಹಿಸುತ್ತಾರೆ. ಕಾರ್ಟೂನ್ ಪಾತ್ರಕ್ಕೆ ಇಷ್ಟು ಶ್ರದ್ಧೆಯಾದರೆ ನಮ್ಮ ರಾಯನಿಗೆ ಬೇಡವೇ?

1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ವೇಷಕ್ಕೆ ಆಧಾರಗಳ ಕೊರತೆಯಿಲ್ಲ. ತಿರುಮಲೆಯ ದೇವಾಲಯದಲ್ಲಿ ಆತನ ಮತ್ತು ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರ ಲೋಹದ ಪ್ರತಿಮೆಗಳಿವೆ. ಕೈಮುಗಿದು ನಿಂತ ರಾಯನ ತಲೆಯ ಮೇಲೆ ಇರುವುದು ಎತ್ತರದ ಟೊಪ್ಪಿಗೆ; ಮೈಮೇಲೆ ಅಂಗಿಯಿಲ್ಲ, ಧೋತರ ಮತ್ತು ಆಭರಣಗಳಷ್ಟೆ.

ಎರಡನೆಯ ಆಧಾರ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ಬರಹ. ರಾಬರ್ಟ್ ಸೀವೆಲ್ ಇದನ್ನು ಇಂಗ್ಲಿಷಿಗೆ ಅನುವಾದಿಸಿ 1900ರಲ್ಲಿ ಪ್ರಕಟಿಸಿದರು. ಪಾಯಸ್ ಕಂಡ ರಾಯ ಚಿನ್ನದ ಗುಲಾಬಿ ಕಸೂತಿಯ ಬಿಳಿ ಉಡುಪು ಧರಿಸಿದ್ದ. ಕೊರಳಲ್ಲಿ ವಜ್ರದ ಆಭರಣ, ತಲೆಗೆ ಜರತಾರಿ ಟೊಪ್ಪಿಗೆ, ಕಾಲು ಮಾತ್ರ ಬರಿಗಾಲು! ರಾಯನ ಸನ್ನಿಧಿಗೆ ಬರುವವರೂ ಪಾದರಕ್ಷೆ ಕಳಚಿಯೇ ಬರಬೇಕಿತ್ತು.

ಈ ಟೊಪ್ಪಿಗೆಯೇ ಕುಲ್ಲಾಯಿ. ಪರ್ಷಿಯನ್ನಿನ ಕುಲಾಹ್ ಪದದಿಂದ ಬಂದದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೂಸಿಗೆ ತೊಡಿಸುವ ಕುಲಾವಿಯೂ ಇದೇ ಬಳಗದ ಮಾತು. ಲೇಪಾಕ್ಷಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯ ಚಿತ್ರಗಳಲ್ಲಿ ಕುಲ್ಲಾಯಿ ಧರಿಸಿ ಉದ್ದನೆಯ ಬಿಳಿ ನಿಲುವಂಗಿ ತೊಟ್ಟವರ ಸಾಲೇ ಇದೆ. ರಾಯನ ನಂತರ ಆಳಿದ ಅಚ್ಯುತದೇವರಾಯನ ಕಾಲದ ಈ ಚಿತ್ರಗಳಲ್ಲಿ ಪಕ್ಕದ ನೋಟವೂ ಸಿಗುತ್ತದೆ. ಸೈನಿಕ, ನರ್ತಕಿಯರ ವೇಷಕ್ಕೆ ಹಂಪಿಯ ಮಹಾನವಮಿ ದಿಬ್ಬ ಮತ್ತು ಹಜಾರರಾಮ ದೇವಾಲಯದ ಉಬ್ಬುಶಿಲ್ಪಗಳನ್ನು ನೋಡಬಹುದು.

ಅಂದರೆ ಬಾಡಿಗೆ ಕಿರೀಟ ಬೇಕಿಲ್ಲ. ದಪ್ಪ ಕಾಗದವನ್ನು ಎತ್ತರಕ್ಕೆ ಸುತ್ತಿ, ಹಳೆಯ ಜರಿ ಸೀರೆಯ ತುಂಡು ಹೊದಿಸಿದರೆ ಕುಲ್ಲಾಯಿ ಸಿದ್ಧ. ಬಿಳಿ ನಿಲುವಂಗಿಗೆ ಚಿನ್ನದ ಬಣ್ಣದ ಹೂವು ಹೊಲಿದರೆ ದರ್ಬಾರಿನ ರಾಯ; ಧೋತರ ಉಟ್ಟು ಕೈಮುಗಿದರೆ ತಿರುಮಲೆಯ ರಾಯ. ಎರಡನ್ನೂ ಬೆರೆಸದಿದ್ದರೆ ಸಾಕು.

1970ರ 'ಶ್ರೀಕೃಷ್ಣದೇವರಾಯ' ಚಿತ್ರದ ಡಾ. ರಾಜ್‌ಕುಮಾರ್ ಅವರನ್ನು ಯಾರೂ ಮರೆಯಲಾರರು. ಆದರೆ ಚಲನಚಿತ್ರದ ಉಡುಪು ಪರದೆಗಾಗಿ ರೂಪಿಸಿದ್ದು. ಅದನ್ನು ನಕಲು ಮಾಡಿದರೆ ನಕಲಿನ ನಕಲಾಗುತ್ತದೆ.

ಎಲ್ಲರಿಗೂ ಇಂಥ ಆಧಾರ ದೊರೆಯುವುದಿಲ್ಲ ಎಂಬುದೂ ನಿಜ. ಕಿತ್ತೂರು ರಾಣಿ ಚೆನ್ನಮ್ಮ ನಿಧನಳಾದದ್ದು 1829ರಲ್ಲಿ. ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಆದ್ದರಿಂದ ಆಕೆಯ ಛಾಯಾಚಿತ್ರ ಇರಲು ಸಾಧ್ಯವೇ ಇಲ್ಲ. ಅಂಥಲ್ಲಿ ಜನಮನದಲ್ಲಿ ನೆಲೆಸಿದ ರೂಪವನ್ನೇ ತೊಡಿಸಿ, ಇದು ಕಲಾವಿದರ ಕಲ್ಪನೆ ಎಂದು ಮಗುವಿಗೆ ತಿಳಿಸಬಹುದು.

ಚಾಲುಕ್ಯರ ಕಾಲದ ವೇಷಭೂಷಣಕ್ಕೆ ಮುಂಬಯಿಯವರು ಐಹೊಳೆಯವರೆಗೆ ಹೋಗಬೇಕಾಗಿಲ್ಲ. ಕಾಳಾಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ಶಿಲ್ಪಫಲಕಗಳಿವೆ. ಒಂದು ಭಾನುವಾರ ಮಕ್ಕಳನ್ನು ಕರೆದೊಯ್ದು ಅಲ್ಲಿನ ಆಭರಣ, ಕೇಶವಿನ್ಯಾಸವನ್ನು ಅವರಿಂದಲೇ ಪುಸ್ತಕದಲ್ಲಿ ಬಿಡಿಸಲು ಹೇಳಿ.

ಸಂಘಗಳ ಪದಾಧಿಕಾರಿಗಳೂ ಮನಸ್ಸು ಮಾಡಬೇಕು. ಪಾತ್ರಗಳ ಪಟ್ಟಿಯನ್ನು ಒಂದು ತಿಂಗಳ ಮೊದಲೇ ನೀಡಿ, ವೇಷಕ್ಕೆ ಏನು ಆಧಾರ ಎಂದು ಮಗು ಎರಡು ಮಾತು ಹೇಳುವಂತೆ ಮಾಡಿ, ಅದಕ್ಕೂ ಅಂಕ ಇಡಲಿ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಶಾಲೆಯ ಪಾಠದಲ್ಲಿ ಕರ್ನಾಟಕ ಸಿಗುವುದು ನಾಲ್ಕು ಸಾಲಿನಷ್ಟು. ಉಳಿದದ್ದನ್ನು ಅವರು ಕಲಿಯುವುದು ನಮ್ಮ ವೇದಿಕೆಯಲ್ಲೇ. ಅಲ್ಲಿ ನಾವು ತೊಡಿಸಿದ್ದೇ ಅವರ ಪಾಲಿನ ಇತಿಹಾಸವಾಗುತ್ತದೆ.