ಆಕಾಶಕ್ಕೆ ಊರಿನ ಗಡಿಯುಂಟೆ?

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗ ಅಂಗೈಯಗಲದ ಒಂದು ಡ್ರೋನನ್ನು ಹಿಡಿದುಕೊಂಡು ಹಾನಗಲ್ಲಿಗೆ ಬಂದಿದ್ದ. ತಾರಕೇಶ್ವರ ದೇವಾಲಯದ ಎದುರು ಅದನ್ನು ಮೇಲೇರಿಸಬೇಕೆನ್ನುವಷ್ಟರಲ್ಲಿ ಅಲ್ಲಿದ್ದವರೊಬ್ಬರು, "ಇಲ್ಲಿ ಹಾರಸಂಗಿಲ್ಲ" ಎಂದು ಗದರಿಸಿದರು. ಹುಡುಗನ ಮುಖ ಬಾಡಿತು. ಶಿಗ್ಗಾವಿಯ ಬಂಧುಗಳಿಗೆ ತಿಳಿಸಿದರೆ, "ನಮ್ಮೂರಾಗ ಯಾರೂ ಕೇಳೂದಿಲ್ರಿ, ಇಲ್ಲಿಗೇ ಬರ್ರಿ" ಎಂದರು. ಸವಣೂರಿನವರು ಪುರಸಭೆಯ ಪರವಾನಗಿ ಬೇಕೆಂದರು. ಹಿರೇಕೆರೂರಿನ ಗೆಳೆಯರು ಪೊಲೀಸರ ಒಪ್ಪಿಗೆ ಸಾಕೆಂದರು. "ಅಜ್ಜಾ, ಒಂದ ಜಿಲ್ಲಾದಾಗ ನಾಲ್ಕು ಕಾಯ್ದೆ ಅದಾವೇನು?" ಎಂದು ಹುಡುಗ ಕೇಳಿದ.

ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಅರ್ಥವುಳ್ಳದ್ದೇ ಆಗಿತ್ತು. ನನ್ನ ತಂದೆಯವರ ಬಾಲ್ಯದಲ್ಲಿ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ನಡುವಣ ಸವಣೂರು ನವಾಬರ ಸಂಸ್ಥಾನವಾಗಿತ್ತು. ಕೆಲವು ಹರದಾರಿ ನಡೆದರೆ ಸರಕಾರವೇ ಬೇರೆಯಾಗುತ್ತಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1997ರಲ್ಲಿ ನಾಲ್ಕೂ ತಾಲೂಕುಗಳು ಹಾವೇರಿ ಜಿಲ್ಲೆಗೆ ಸೇರಿದವು. ನೆಲದ ಗಡಿ ಅಳಿದರೂ, ಊರೂರಿಗೆ ಕಾಯ್ದೆ ಬೇರೆಯೆಂಬ ಭಾವನೆ ಮಾತ್ರ ಉಳಿದುಬಂದಿದೆಯೆಂದು ತೋರುತ್ತದೆ.

ಆಕಾಶದ ವಿಷಯದಲ್ಲಿ ಹಾಗಿಲ್ಲ. ವಿಮಾನಯಾನವು ನಮ್ಮ ಸಂವಿಧಾನದಲ್ಲಿ ಕೇಂದ್ರಪಟ್ಟಿಗೆ ಸೇರಿದ ವಿಷಯ. ಡ್ರೋನುಗಳಿಗೆ 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳೇ ದೇಶಕ್ಕೆಲ್ಲ ಆಧಾರ. ಅವು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ವಿಮಾನನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರಿನ ವರ್ತುಲದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. ಹಳದಿಗೆ ವಿಮಾನಸಂಚಾರ ನಿಯಂತ್ರಕರ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರಕಾರದ ಅನುಮತಿಯೇ ಬೇಕು. ನಮ್ಮ ನಾಲ್ಕು ಊರುಗಳೂ ಹುಬ್ಬಳ್ಳಿಯ ವಿಮಾನನಿಲ್ದಾಣದ ವರ್ತುಲದಿಂದ ಬಹುದೂರ ಹೊರಗಿವೆ. ಇಂಥ ಯಂತ್ರಕ್ಕೆ ನೋಂದಣಿ ಸಂಖ್ಯೆ ಅವಶ್ಯ. ಆದರೆ 2 ಕಿಲೋಗ್ರಾಮಿನೊಳಗಿನದನ್ನು ವಿನೋದಕ್ಕಾಗಿ ಹಾರಿಸುವವನಿಗೆ ಚಾಲಕನ ಪ್ರಮಾಣಪತ್ರ ಬೇಕಿಲ್ಲ. 2022ರ ಫೆಬ್ರವರಿಯಲ್ಲಿ ವಿದೇಶೀ ಡ್ರೋನುಗಳ ಆಮದನ್ನು ನಿಷೇಧಿಸಲಾಯಿತೆಂಬುದನ್ನೂ, ಪರದೇಶದಿಂದ ಉಡುಗೊರೆ ತರುವ ಬಂಧುಗಳುಳ್ಳವರು ನೆನಪಿಡಬೇಕು.

ಹಾಗಾದರೆ ಹಾನಗಲ್ಲಿನಲ್ಲಿ ತಡೆದವರು ತಪ್ಪು ಮಾಡಿದರೆ? ಇಲ್ಲ, ಅವರು ಕಾರಣ ಹೇಳಲಿಲ್ಲ, ಅಷ್ಟೆ. ತಾರಕೇಶ್ವರವು ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ಅದು ಹಾನಗಲ್ಲೆಂಬ ಊರಿನ ನಿಷೇಧವಲ್ಲ, ಆ ಗುಡಿಯ ರಕ್ಷಣೆ. ಹಿರೇಕೆರೂರಿನ ಗೆಳೆಯರ ಮಾತಿನಲ್ಲಿಯೂ ಅರ್ಧಸತ್ಯವಿದೆ. ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಆದೇಶದಿಂದ ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಹೀಗೆ ನಿನ್ನೆ ಹಸಿರಾಗಿದ್ದ ಶಿಗ್ಗಾವಿಯ ಆಕಾಶ ಇಂದು ಕೆಂಪಾಗಬಹುದು. ಅದೇ ದಿನ ಸವಣೂರಿನದು ಹಸಿರಾಗಿಯೇ ಉಳಿಯಬಹುದು. ಇನ್ನು ಸವಣೂರಿನವರ ಮಾತು: ಪುರಸಭೆಯು ಆಕಾಶದ ಒಡೆಯನಲ್ಲ, ಆದರೆ ತನ್ನ ಉದ್ಯಾನ, ಮೈದಾನಗಳ ಬಳಕೆಯ ಬಗ್ಗೆ ಅದರ ಮಾತು ನಡೆಯುತ್ತದೆ. ಅಮೆರಿಕದಲ್ಲಿಯೂ ಇದೇ ರೀತಿ: ಆಕಾಶದ ಆಡಳಿತ ಕೇಂದ್ರ ಸಂಸ್ಥೆಯದು, ಆದರೂ ನ್ಯೂಯಾರ್ಕ್ ನಗರದ ನೆಲದಿಂದ ಡ್ರೋನ್ ಏರಿಸಬೇಕಾದರೆ ನಗರದ ಪರವಾನಗಿ ಬೇಕು.

ಆದ್ದರಿಂದ "ಈ ಊರಿನ ಕಾಯ್ದೆಯೇನು?" ಎಂಬುದು ಸರಿಯಾದ ಪ್ರಶ್ನೆಯಲ್ಲ. ಈ ಸ್ಥಳ ಯಾರದು, ಕೆಳಗೇನಿದೆ, ಈ ದಿನ ಇದರ ಬಣ್ಣ ಯಾವುದು ಎಂದು ಕೇಳಬೇಕು. ಬಣ್ಣವನ್ನು ಸರಕಾರದ ಡಿಜಿಟಲ್ ಸ್ಕೈ ನಕಾಶೆಯಲ್ಲಿ ಹಾರಿಸುವ ಮೊದಲೇ ನೋಡಬಹುದು. ನಿಯಮ ಮೀರಿದರೆ 1 ಲಕ್ಷ ರೂಪಾಯಿಯವರೆಗೆ ದಂಡವುಂಟು. ಕಾಯ್ದೆ ತಿಳಿಯದವನು ಒಂದೆಡೆ ವೃಥಾ ಅಂಜುತ್ತಾನೆ, ಇನ್ನೊಂದೆಡೆ ವೃಥಾ ಧೈರ್ಯ ಮಾಡುತ್ತಾನೆ. ಎರಡೂ ನಾಗರಿಕನಿಗೆ ಶೋಭಿಸುವುದಿಲ್ಲ.

ಕೊನೆಗೆ ತಂದೆಯ ಹೆಸರಿನಲ್ಲಿ ನೋಂದಣಿ ಮಾಡಿಸಿ, ನಕಾಶೆ ನೋಡಿ, ಹೊಲದ ಒಡೆಯರನ್ನು ಕೇಳಿ, ಊರ ಹೊರಗೆ ಮೊಮ್ಮಗ ಅದನ್ನು ಹಾರಿಸಿದ. ಯಂತ್ರ ಊರಂಚಿನ ಮನೆಯೊಂದರತ್ತ ಸರಿಯಿತು. ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದ ಹೆಣ್ಣುಮಗಳೊಬ್ಬಳು ಅದನ್ನು ಕಂಡು ಸೆರಗೆಳೆದುಕೊಂಡು ಒಳಗೆ ಹೋದಳು. ಅಲ್ಲಿ ಹಸಿರು ವಲಯವೇ ಇತ್ತು. ಆದರೆ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿತಷ್ಟೆ. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇದನ್ನು ಹುಡುಗನಿಗೆ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಯಂತ್ರವನ್ನು ಹಿಂದಿರುಗಿಸಿ ಕೆಳಗಿಳಿಸಿದ. "ಆ ಅಕ್ಕಗ ಅಂಜಿಕಿ ಆತು, ಅಜ್ಜಾ" ಎಂದ. ಮರುದಿನ ಬೆಳಿಗ್ಗೆ ಮನೆಗಳಿಂದ ದೂರದ ಇನ್ನೊಂದು ಹೊಲವನ್ನು ಅವನೇ ಹುಡುಕಿಕೊಂಡ.