ಪುಟ್ಟ ಹೃದಯಕ್ಕೆ ಕೀಹೋಲ್: ಯಾವ ತೂತಿಗೆ ಸರಿ, ಯಾವ ತೂತಿಗೆ ಕಾಯಬಾರದು



ಹೋದ ವರ್ಷ ಆಷಾಢದಲ್ಲಿ, ಇಲ್ಲಿಯವರು ಹೇಳುವ ಆಡಿ ತಿಂಗಳಲ್ಲಿ, ಕೋಡಂಬಾಕ್ಕಂನ ನನ್ನ ಕ್ಲಿನಿಕ್ಕಿಗೆ ಕುಂದಾಪುರ ಕಡೆಯ ಗಂಡ ಹೆಂಡತಿ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದರು. ಗಂಡನಿಗೆ ಹತ್ತಿರದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ಕೂಸಿನ ತೂಕ 4 ಕಿಲೋ 200 ಗ್ರಾಂ. ಹುಟ್ಟುವಾಗಲೇ 2 ಕಿಲೋ 900 ಇತ್ತಂತೆ. ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು ಆಗಬೇಕಿತ್ತು. ಹಾಲು ಕುಡಿಯುವಾಗ ನಡುನಡುವೆ ನಿಲ್ಲಿಸಿ ಏದುಸಿರು ಬಿಡುತ್ತದೆ, ಫ್ಯಾನಿನ ಕೆಳಗೂ ಹಣೆ ಬೆವರುತ್ತದೆ ಎಂದರು ತಾಯಿ. ಎಕೋ ಮಾಡಿದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತು.

ಆಪರೇಷನ್ ಬೇಕು, ಬೇಗ ಬೇಕು ಎಂದೆ. ತಂದೆ ಜೇಬಿನಿಂದ ಫೋನ್ ತೆಗೆದು ಒಂದು ಮೆಸೇಜ್ ತೋರಿಸಿದರು. "ಎದೆ ಕೊಯ್ಯುದು ಬೇಡ ಡಾಕ್ಟ್ರೇ, ಇದರಲ್ಲಿ ಬರೆದ ಹಾಗೆ ತೊಡೆಯಿಂದಲೇ ಮಾಡಿ. ಮಗು ದೊಡ್ಡದಾಗುವವರೆಗೆ ಕಾಯ್ತೇವೆ."

ಓದಿದೆ. ಅದು ನಾನೇ ಬರೆದದ್ದು! ಈ ಸರಣಿಯಲ್ಲಿ ಹಿಂದೆ ನಾಲ್ಕು ವರ್ಷದ ಹುಡುಗಿಯೊಬ್ಬಳ ಬಗ್ಗೆ ಬರೆದಿದ್ದೆ. ಹೃದಯದ ಮೇಲಿನ ಕೋಣೆಗಳ ನಡುವಿನ ತೂತನ್ನು ತೊಡೆಯ ರಕ್ತನಾಳದ ಮೂಲಕ ಮುಚ್ಚಿ, ಮೂರನೆಯ ದಿನ ಮನೆಗೆ ಕಳಿಸಿದ ಕತೆ. ಕೊನೆಯಲ್ಲಿ "ಎಲ್ಲ ತೂತಿಗೂ ಇದು ಆಗುವುದಿಲ್ಲ" ಎಂಬ ಒಂದು ಪ್ಯಾರಾ ಇತ್ತು. ಯಾರೋ ಫಾರ್ವರ್ಡ್ ಮಾಡುವಾಗ ಅದನ್ನು ಬಿಟ್ಟಿದ್ದರು. ತಪ್ಪು ಅವರದ್ದು ಮಾತ್ರ ಅಲ್ಲ. ಮುಖ್ಯವಾದ ಮಾತನ್ನು ಕೊನೆಗೆ ಇಟ್ಟದ್ದು ನಾನು. ಆದ್ದರಿಂದ ಈ ಸಲ ಅದನ್ನು ಮೊದಲೇ ಹೇಳುತ್ತೇನೆ: ಕೀಹೋಲ್ ಒಳ್ಳೆಯದು, ಆದರೆ ಕೀಹೋಲ್‌ಗಾಗಿ ಕಾಯುವುದು ಕೆಲವು ಮಕ್ಕಳಿಗೆ ಅಪಾಯ.

*ಕೀಹೋಲ್ ಎಂದರೆ ಏನು?*

ಬೀಗದ ಕೈ ಹಾಕುವ ತೂತಿನಷ್ಟೇ ಚಿಕ್ಕ ದಾರಿಯಲ್ಲಿ ಮಾಡುವ ಚಿಕಿತ್ಸೆ ಎಂದು ಈ ಹೆಸರು. ಹೊಟ್ಟೆಯ ಕಾಯಿಲೆಗಳಿಗೆ ಮಕ್ಕಳ ಸರ್ಜನ್‌ಗಳು ಕ್ಯಾಮೆರಾ ಹಾಕಿ ಮಾಡುವ ಲ್ಯಾಪರೊಸ್ಕೋಪಿ ಒಂದು ಬಗೆ. ಶಿಶುಗಳಿಗೆ 3 ಮಿಲಿಮೀಟರ್ ದಪ್ಪದ ಉಪಕರಣಗಳೇ ಇವೆ. ಅಪೆಂಡಿಕ್ಸ್, ಹರ್ನಿಯಾ, ಹೊಟ್ಟೆಯ ಬಾಯಿ ಬಿಗಿದುಕೊಂಡು ಕುಡಿದ ಹಾಲೆಲ್ಲ ಚಿಮ್ಮಿ ವಾಂತಿಯಾಗುವ ಕೂಸುಗಳ ಆಪರೇಷನ್, ಎಲ್ಲ ಹಾಗೆ ಆಗುತ್ತವೆ. ಅದು ನನ್ನ ವಿಷಯವಲ್ಲ.

ಹೃದಯದ ಕೀಹೋಲ್ ಬೇರೆ. ಇಲ್ಲಿ ಸರ್ಜನ್ ಇರುವುದಿಲ್ಲ, ನನ್ನಂಥ ಕಾರ್ಡಿಯಾಲಜಿಸ್ಟ್ ಇರುತ್ತಾರೆ. ಜಾಗವೂ ಆಪರೇಷನ್ ಥಿಯೇಟರ್ ಅಲ್ಲ, ಕ್ಯಾತ್ ಲ್ಯಾಬ್. ಮಗುವಿಗೆ ಅರಿವಳಿಕೆ ಕೊಟ್ಟು, ತೊಡೆಸಂದಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಅದರಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ಟ್ಯೂಬನ್ನು ಹೃದಯದವರೆಗೆ ಒಯ್ಯುತ್ತೇವೆ. ಎಕ್ಸ್‌ರೇ ಪರದೆಯಲ್ಲೂ ಎಕೋದಲ್ಲೂ ದಾರಿ ಕಾಣುತ್ತಿರುತ್ತದೆ. ರಕ್ತನಾಳದ ಒಳಗೆ ನೋವಿನ ನರ ಇಲ್ಲದ ಕಾರಣ ದೊಡ್ಡವರಲ್ಲಿ ಇದನ್ನು ಎಚ್ಚರವಾಗಿದ್ದಾಗಲೇ ಮಾಡಬಹುದು. ಮಕ್ಕಳು ಅಲುಗಾಡದೆ ಮಲಗುವುದಿಲ್ಲವಾದ್ದರಿಂದ ಅರಿವಳಿಕೆ.

ತೂತು ಮುಚ್ಚುವ ಸಾಧನ ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ತಂತಿಯ ಬಲೆ. ಈ ಲೋಹಕ್ಕೆ ತನ್ನ ಆಕಾರದ ನೆನಪಿದೆ. ಎಳೆದು ದಾರದ ಹಾಗೆ ಮಾಡಿ ಟ್ಯೂಬಿನೊಳಗೆ ತೂರಿಸಿದರೂ, ಹೊರಗೆ ಬಂದ ಕೂಡಲೇ ಮೊದಲಿನಂತೆ ಅರಳಿಕೊಳ್ಳುತ್ತದೆ. ಎರಡು ಬಿಲ್ಲೆ, ನಡುವೆ ಒಂದು ಸೊಂಟ. ಒಂದು ಬಿಲ್ಲೆ ತೂತಿನ ಆಚೆ, ಇನ್ನೊಂದು ಈಚೆ ಕೂತು ನಡುವಿನ ಗೋಡೆಯನ್ನು ಕಚ್ಚಿ ಹಿಡಿಯುತ್ತವೆ. ಅಂಗಿಯ ಪ್ರೆಸ್ ಬಟನ್ ನೆನೆಸಿಕೊಳ್ಳಿ. ಸಾಧನ ಒಂದು ಕೇಬಲ್ಲಿನ ತುದಿಗೆ ಸ್ಕ್ರೂನಿಂದ ಸಿಕ್ಕಿರುತ್ತದೆ. ಮೆಲ್ಲಗೆ ಜಗ್ಗಿ ನೋಡುತ್ತೇವೆ, ಕವಾಟಕ್ಕೆ ತಾಗುತ್ತಿದೆಯೇ ಎಂದು ಎಕೋದಲ್ಲಿ ಪರೀಕ್ಷಿಸುತ್ತೇವೆ. ಸರಿ ಕೂರದಿದ್ದರೆ ಮತ್ತೆ ಟ್ಯೂಬಿನೊಳಗೆ ಎಳೆದುಕೊಳ್ಳಬಹುದು. ಎಲ್ಲ ಸರಿ ಎನಿಸಿದ ಮೇಲೆ ಸ್ಕ್ರೂ ತಿರುಗಿಸಿ ಬಿಡುವುದು. ಇಷ್ಟು ವರ್ಷವಾದರೂ ಆ ತಿರುಗಿಸುವ ಕ್ಷಣದಲ್ಲಿ ನಾನು ಉಸಿರು ಹಿಡಿದಿರುತ್ತೇನೆ.

ಮುಂದಿನ ಆರು ತಿಂಗಳಲ್ಲಿ ಆ ಬಲೆಯ ಮೇಲೆ ಮಗುವಿನದೇ ಅಂಗಾಂಶ ಬೆಳೆದು ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಸಾಮಾನ್ಯವಾಗಿ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತೇವೆ. ಆ ಅವಧಿಯಲ್ಲಿ ಹಲ್ಲು ಕೀಳಿಸುವುದಿದ್ದರೆ ದಂತವೈದ್ಯರಿಗೆ ವಿಷಯ ತಿಳಿಸಬೇಕು, ಮೊದಲೇ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಮೆಷಿನ್ ಕೂಗುತ್ತದೆಯೇ ಎಂದು ಹೊರದೇಶದಲ್ಲಿರುವ ಅಪ್ಪಂದಿರು ತಪ್ಪದೆ ಕೇಳುತ್ತಾರೆ. ಸಾಮಾನ್ಯವಾಗಿ ಕೂಗುವುದಿಲ್ಲ.

ಇಲ್ಲಿಗೆ ಬರಲು ವೈದ್ಯಲೋಕಕ್ಕೆ ತುಂಬಾ ಕಾಲ ಹಿಡಿಯಿತು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ರಕ್ತನಾಳಕ್ಕೆ ಟ್ಯೂಬ್ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ, ಅದು ಹೃದಯ ಮುಟ್ಟಿದೆ ಎಂದು ಚಿತ್ರ ತೆಗೆಸಿದ. ಆಗ ಹುಚ್ಚಾಟ ಎಂದವರೇ ಹೆಚ್ಚು, 1956ರಲ್ಲಿ ನೊಬೆಲ್ ಬಂತು. ಹುಟ್ಟಿದ ಮೇಲೆ ಮುಚ್ಚದೆ ಉಳಿಯುವ ಡಕ್ಟಸ್ ಎಂಬ ನಾಳವನ್ನು 1938ರಲ್ಲಿ ಬೋಸ್ಟನ್ನಿನ ರಾಬರ್ಟ್ ಗ್ರಾಸ್ ಎದೆ ತೆರೆದು ಕಟ್ಟಿದರು. ಅದನ್ನೇ ಟ್ಯೂಬಿನ ಮೂಲಕ ಮುಚ್ಚಿ ತೋರಿಸಿದ್ದು 1967ರಲ್ಲಿ, ಬರ್ಲಿನ್ನಿನ ಪೋರ್ಸ್ಟ್‌ಮನ್. ಇವತ್ತು ನಾವು ಬಳಸುವ ನಿಟಿನಾಲ್ ಬಲೆ ಕರ್ಟ್ ಆಂಪ್ಲಾಟ್ಸ್ ಅವರ ಕೊಡುಗೆ. 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಒಂದು ಡಕ್ಟಸ್ ಸಾಧನವನ್ನು 700 ಗ್ರಾಂ ತೂಕದ ಅವಧಿಪೂರ್ವ ಶಿಶುವಿಗೂ ಹಾಕಬಹುದು. ಮುಕ್ಕಾಲು ಕಿಲೋ ಕೂಡ ಇಲ್ಲದ ಜೀವ!

ಹಾಗಾದರೆ 4 ಕಿಲೋದ ಈ ಕೂಸಿಗೆ ಏಕೆ ಆಗುವುದಿಲ್ಲ? ಆ ತಂದೆಯೂ ಅದನ್ನೇ ಕೇಳಿದರು.

*ತೂತು ಎಲ್ಲಿದೆ ಎಂಬುದೇ ಪ್ರಶ್ನೆ*

ಡಕ್ಟಸ್ ಒಂದು ಕೊಳವೆ, ಬಿರಡೆ ಹಾಕಿದರೆ ಮುಗಿಯಿತು. ಮೇಲಿನ ಕೋಣೆಗಳ ನಡುವಿನ ತೂತು, ಅಂದರೆ ಎಎಸ್‌ಡಿ, ಗೋಡೆಯ ಮಧ್ಯದಲ್ಲಿದ್ದು ಸುತ್ತ ಸಾಕಷ್ಟು ಅಂಚು ಇದ್ದರೆ ಸಾಧನಕ್ಕೆ ಹಿಡಿತ ಸಿಗುತ್ತದೆ. ಅಂಥ ಮಕ್ಕಳು ಹೆಚ್ಚಾಗಿ ಆಟವಾಡಿಕೊಂಡೇ ಇರುತ್ತಾರೆ. ಅವಸರವಿಲ್ಲ, ಮೂರರಿಂದ ಐದು ವರ್ಷದ ನಡುವೆ ಮಾಡಿದರೆ ಸಾಕು. ನಾನು ಹಿಂದೆ ಬರೆದ ಹುಡುಗಿ ಈ ಗುಂಪಿನವಳು. ಅದೇ ಎಎಸ್‌ಡಿ ಗೋಡೆಯ ತೀರಾ ಮೇಲೆ ಅಥವಾ ತೀರಾ ಕೆಳಗೆ, ಕವಾಟದ ಪಕ್ಕ ಇದ್ದರೆ ಸರ್ಜನ್ ಬೇಕು.

ಕೆಳಗಿನ ಕೋಣೆಗಳ ನಡುವಿನ ವಿಎಸ್‌ಡಿ ಮೂರು ಮುಖದ್ದು. ಸಣ್ಣದಾದರೆ ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ, ಏನೂ ಮಾಡದೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಮಧ್ಯಮದ ಕೆಲವನ್ನು ಸ್ವಲ್ಪ ಬೆಳೆದ ಮಕ್ಕಳಲ್ಲಿ ಸಾಧನದಿಂದ ಮುಚ್ಚಬಹುದು. ದೊಡ್ಡದಾಗಿದ್ದು ಕೂಸಿಗೆ ಉಸಿರು ಕಟ್ಟುತ್ತಿದ್ದರೆ ದಾರಿ ಬೇರೆ. ಆ ತೂತಿನ ಒಂದು ಪಕ್ಕದಲ್ಲಿ ಮಹಾಪಧಮನಿಯ ಕವಾಟ, ಇನ್ನೊಂದು ಅಂಚಿನಲ್ಲೇ ಹೃದಯದ ಬಡಿತವನ್ನು ಒಯ್ಯುವ ವಿದ್ಯುತ್ ತಂತು. ಲೋಹದ ಬಿಲ್ಲೆ ಕವಾಟ ಒತ್ತಿದರೆ ರಕ್ತ ಸೋರುತ್ತದೆ, ತಂತು ಒತ್ತಿದರೆ ಬಡಿತ ನಿಧಾನವಾಗಿ ಪೇಸ್‌ಮೇಕರ್ ಬೇಕಾಗಬಹುದು. ಅಷ್ಟು ದೊಡ್ಡ ಸಾಧನ ಹೋಗುವ ಟ್ಯೂಬಿಗೆ ಆ ಪುಟ್ಟ ತೊಡೆಯ ನಾಳದಲ್ಲಿ ಜಾಗವೂ ಇಲ್ಲ.

ಸರಿ, ದೊಡ್ಡದಾಗಲಿ, ಕಾಯೋಣ ಎನ್ನಬಹುದು. ಕಾಯಲು ಆಗದಿರುವುದು ಶ್ವಾಸಕೋಶದ ಕಾರಣಕ್ಕೆ. ದೊಡ್ಡ ತೂತಿನಿಂದ ಹೆಚ್ಚುವರಿ ರಕ್ತ ಎಡಗಡೆಯ ಒತ್ತಡದಲ್ಲೇ ಶ್ವಾಸಕೋಶಕ್ಕೆ ನುಗ್ಗುತ್ತದೆ. ಅಲ್ಲಿನ ತೆಳು ನಾಳಗಳು ತಡೆದುಕೊಳ್ಳಲು ಗೋಡೆ ದಪ್ಪ ಮಾಡಿಕೊಳ್ಳುತ್ತವೆ, ಗಟ್ಟಿಯಾಗುತ್ತವೆ. ಮೋಸ ಇರುವುದು ಇಲ್ಲಿ: ನಾಳ ಗಟ್ಟಿಯಾದಂತೆ ನುಗ್ಗುವ ರಕ್ತ ಕಡಿಮೆಯಾಗಿ ಏದುಸಿರು ತಗ್ಗುತ್ತದೆ, ಮಗು ಮೈ ತುಂಬಿಕೊಳ್ಳುತ್ತದೆ. ಹರಕೆ ಫಲಿಸಿತು ಎಂದು ಮನೆಯವರು ಸಮಾಧಾನಪಡುತ್ತಾರೆ. ಕೆಲವು ವರ್ಷಗಳ ಮೇಲೆ ರಕ್ತ ತಿರುಗಿ ಹರಿಯತೊಡಗಿ ತುಟಿ, ಉಗುರು ನೀಲಿಯಾಗುತ್ತವೆ. ಐಸೆನ್ಮೆಂಗರ್ ಎಂದು ಅದರ ಹೆಸರು. ಆ ಹಂತ ಮುಟ್ಟಿದರೆ ತೂತನ್ನು ಮುಚ್ಚುವಂತಿಲ್ಲ, ಕೀಹೋಲ್‌ನಿಂದಲೂ ಇಲ್ಲ, ಎದೆ ತೆರೆದೂ ಇಲ್ಲ. ಆಗ ಆ ತೂತೇ ಹೃದಯಕ್ಕೆ ಉಳಿದ ಹೊರದಾರಿ.

ನಾನು ಕಲಿಯುವ ಕಾಲದಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಹಾಗೆ ಬಂದಿದ್ದಳು. ಮಾತ್ರೆ ಕೊಟ್ಟು ಕಳಿಸಿದೆವು. ಮೆಟ್ಟಿಲು ಹತ್ತಲು ಆಗದೆ ಅವಳ ಅಪ್ಪ ಎತ್ತಿಕೊಂಡು ಹೋದದ್ದು ನೆನಪಿದೆ. ಶೈಶವದಲ್ಲೇ ತೂತು ಪತ್ತೆಯಾಗಿತ್ತು, ಆಪರೇಷನ್ ಭಯಕ್ಕೆ ಮುಂದೂಡಿದ್ದರು.

ಕುಂದಾಪುರದ ದಂಪತಿಗೆ ಇದನ್ನೆಲ್ಲ ಕಾಗದದ ಮೇಲೆ ಚಿತ್ರ ಬರೆದು ಹೇಳಿದೆ. ಊರಿನಲ್ಲಿದ್ದ ಅಜ್ಜಿಯನ್ನು ಸ್ಪೀಕರ್ ಫೋನಿನಲ್ಲಿ ಒಪ್ಪಿಸಬೇಕಾಯಿತು. ಅವರಿಗೆ ಹಾರ್ಟ್ ಆಪರೇಷನ್ ಎಂದರೆ ಹಳೆಯ ಸಿನಿಮಾದ ಕೆಂಪು ದೀಪ, ಕನ್ನಡಕ ತೆಗೆಯುತ್ತಾ ಹೊರಬರುವ ಡಾಕ್ಟರು. ಆ ಕಾಲದ ಎಷ್ಟೋ ಕನ್ನಡ ಸಿನಿಮಾ ತಯಾರಾದದ್ದು ಇದೇ ಕೋಡಂಬಾಕ್ಕಂ, ವಡಪಳನಿ ಸ್ಟುಡಿಯೋಗಳಲ್ಲಿ ಎಂದಾಗ ಅಜ್ಜಿ ನಕ್ಕರು. ಎರಡು ವಾರದೊಳಗೆ ಸರ್ಜನ್ ಎದೆ ತೆರೆದು, ಹಾರ್ಟ್ ಲಂಗ್ ಮೆಷಿನ್ ನೆರವಿನಲ್ಲಿ ತೂತಿಗೆ ತೇಪೆ ಹೊಲಿದರು. ನಾಲ್ಕು ದಿನ ಐಸಿಯು. ಎರಡನೆಯ ರಾತ್ರಿ ಜ್ವರ ಬಂದು ತಾಯಿ ನನಗೆ ಒಂಬತ್ತು ಸಲ ಫೋನ್ ಮಾಡಿದರು. ಹನ್ನೆರಡನೆಯ ದಿನ ಮನೆಗೆ ಹೋಯಿತು.

ಕೀಹೋಲ್‌ನಲ್ಲೂ ತೊಂದರೆ ಇಲ್ಲವೆಂದಲ್ಲ. ಅಪರೂಪಕ್ಕೆ ಸಾಧನ ಜಾರಿ ಬೇರೆಡೆ ಹೋಗಬಹುದು, ತೊಡೆಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬಡಿತ ತಾಳ ತಪ್ಪಬಹುದು. ಹೀಗಾಗಿ ಹಿಂದೆ ಸರ್ಜನ್ ಸಿದ್ಧರಿರುವ ಆಸ್ಪತ್ರೆಯಲ್ಲೇ ಮಾಡಿಸಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನೇರವಾಗಿ ಕೇಳಿ: ತೂತು ಯಾವ ಜಾಗದ್ದು? ಎಷ್ಟು ಮಿಲಿಮೀಟರ್? ಶ್ವಾಸಕೋಶದ ಒತ್ತಡ ಎಷ್ಟು? ಎಷ್ಟು ದಿನ ಕಾಯಬಹುದು? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುವವರೆಗೆ ಏಳಬೇಡಿ. ಇಲ್ಲಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದು ಅರ್ಥವಾಗದೆ ತಲೆಯಾಡಿಸಿ ಬರುವ ನಮ್ಮವರನ್ನು ದಿನಾ ನೋಡುತ್ತೇನೆ. ಸಂಕೋಚ ಬೇಡ, ಬರೆದು ಕೊಡಿ ಎನ್ನಿ.

ಸಾವಿರ ಮಕ್ಕಳು ಹುಟ್ಟಿದರೆ ಎಂಟೊಂಬತ್ತು ಮಕ್ಕಳಿಗೆ ಹೃದಯದ ಏನಾದರೊಂದು ಹುಟ್ಟುದೋಷ ಇರುತ್ತದೆ. ದೊಡ್ಡ ವಿಎಸ್‌ಡಿ ಇದ್ದರೂ ಹುಟ್ಟಿದ ಮೊದಲ ದಿನಗಳಲ್ಲಿ ಸದ್ದು ಕೇಳದೆ ಇರಬಹುದು, ಲಕ್ಷಣ ಕಾಣುವುದು ಒಂದೂವರೆ ತಿಂಗಳ ಸುಮಾರಿಗೆ. ಬಾಣಂತನ ಊರಿನಲ್ಲಿ, ಲಸಿಕೆ ಚೆನ್ನೈಯಲ್ಲಿ ಆಗುವ ನಮ್ಮ ಮನೆಗಳಲ್ಲಿ ಸರಿಯಾಗಿ ಆ ಹೊತ್ತಿಗೇ ಮಗು ಡಾಕ್ಟರ ಕಣ್ಣಿನಿಂದ ತಪ್ಪುತ್ತದೆ. ತೂಕದ ಕಾರ್ಡ್, ಎಕೋ ರಿಪೋರ್ಟ್ ಮಗುವಿನ ಜೊತೆಗೇ ಪ್ರಯಾಣ ಮಾಡಲಿ, ಫೋಟೋ ತೆಗೆದು ಫೋನಿನಲ್ಲೂ ಇಡಿ.

ದುಡ್ಡಿನ ಮಾತು. ಅಂಗನವಾಡಿ, ಸರ್ಕಾರಿ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಿ ಚಿಕಿತ್ಸೆಗೆ ಕಳಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಹುಟ್ಟು ಹೃದ್ರೋಗ ಅದರ ಪಟ್ಟಿಯಲ್ಲಿದೆ. ಆಯುಷ್ಮಾನ್ ಕಾರ್ಡ್ ಇದ್ದರೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಬಳಸಲು ಅವಕಾಶವಿದೆ. ಆದರೆ ಭರ್ತಿಯಾಗುವ ಮೊದಲೇ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೇಳಿಕೊಳ್ಳಿ, ಆಮೇಲೆ ಅಲ್ಲ. ಬೆಂಗಳೂರಿಗೆ ಹೋಗುವುದು ಅನುಕೂಲವಾದರೆ ಜಯದೇವ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ವಿಭಾಗ ಇದೆ.

ಆ ಕೂಸು ಮೊನ್ನೆ ಚೆಕಪ್‌ಗೆ ಬಂದಿತ್ತು. 9 ಕಿಲೋ. ಎದೆಯ ಗೆರೆಗೆ ಏನು ಹಚ್ಚಬೇಕು ಎಂದು ತಾಯಿ ಕೇಳಿದರು. ಏನೂ ಬೇಡ ಎಂದೆ. ತಂದೆ ಮಾತ್ರ ಈ ಸಲ ಲೇಖನ ಬರೆದರೆ ಪೂರ್ತಿ ಕಳಿಸಿ, ನಮ್ಮ ಹೋಟೆಲಿನ ಗ್ರೂಪಿಗೆ ನಾನೇ ಹಾಕ್ತೇನೆ ಎಂದರು. ಕಳಿಸುತ್ತಿದ್ದೇನೆ.

ಮುಂದಿನ ಕಂತು: ಮಕ್ಕಳ ಗಂಟಲು ನೋವು ಮತ್ತು ರುಮ್ಯಾಟಿಕ್ ಜ್ವರ.