ಮನೆ ನೀರಿಗೆ ಪಂಪು, ಗುಡ್ಡದ ಮೇಲೊಂದು ಟಾಂಕಿ

ಆಷಾಢದ ಮಳೆ ಹೊಡೆಯುತ್ತಿರುವಾಗ ಮಲೆನಾಡಿನ ಮನೆಯಲ್ಲಿ ಕುಡಿಯಲು ನೀರಿಲ್ಲವೆಂದರೆ ಬಯಲುಸೀಮೆಯ ನೆಂಟರು ನಗುತ್ತಾರೆ. ನಮ್ಮ ಬೆಳೆಗಾರರಿಗೆ ಇದು ನಗುವ ಮಾತಲ್ಲ. ಮರ ಬಿದ್ದು ತಂತಿ ಕಡಿದರೆ ವಿದ್ಯುತ್ತು ಮರಳಲು ಮೂರು ದಿನವೂ ಹಿಡಿಯಬಹುದು, ಎಂಟು ದಿನವೂ ಹಿಡಿಯಬಹುದು. ಅಷ್ಟು ದಿನವೂ ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಕೊಡ ಹೊರುವವರು ಮನೆಯ ಹೆಂಗಸರು. ಮಾರ್ಚ್ ಏಪ್ರಿಲ್‌ನಲ್ಲಿ ಕಥೆ ತಿರುಗುಮುರುಗು: ವಿದ್ಯುತ್ತು ಇರುತ್ತದೆ, ಬಾವಿಯ ನೀರು ಫುಟ್‌ವಾಲ್ವಿನ ಕೆಳಗೆ ಇಳಿದಿರುತ್ತದೆ. ತೋಟದ ನೀರಾವರಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಎಲ್ಲರೂ ಕೇಳುತ್ತಾರೆ. ಮನೆ ನೀರಿನ ಬಗ್ಗೆ ಮಾತ್ರ ‘ಹೇಗೋ ಆಗುತ್ತದೆ’ ಎಂಬ ಧೋರಣೆ. ಆದ್ದರಿಂದ ಈ ಸಲ ಅದನ್ನೇ ಎತ್ತಿಕೊಂಡಿದ್ದೇವೆ.

ಪಂಪಿನ ಮಾತಿಗೆ ಮೊದಲು ಪಂಪು ಬೇಡದವರ ಮಾತು. ಮನೆಗಿಂತ ಎತ್ತರದಲ್ಲಿ ಒರತೆಯೋ ಅಬ್ಬಿಯೋ ಇದ್ದರೆ ಅದಕ್ಕಿಂತ ಭಾಗ್ಯ ಬೇರಿಲ್ಲ. ನಮ್ಮ ಹಿರಿಯರು ಅಡಿಕೆ ಮರದ ದಂಬೆ ಸೀಳಿ, ಕವೆಗೋಲಿನ ಮೇಲಿಟ್ಟು ಅಂಗಳಕ್ಕೇ ನೀರು ತರುತ್ತಿದ್ದರು. ಈಗ ದಂಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ, ಅಷ್ಟೇ ವ್ಯತ್ಯಾಸ. ಒರತೆ ಸಣ್ಣದೆಂದು ಕೈಬಿಡಬೇಡಿ. ಏಪ್ರಿಲ್ ಕೊನೆಯಲ್ಲಿ, ಮಳೆ ಬೀಳುವ ಮುಂಚೆ, 20 ಲೀಟರಿನ ಬಕೆಟ್ಟು ಹಿಡಿದು ಗಡಿಯಾರ ನೋಡಿ. ತುಂಬಲು 5 ನಿಮಿಷ ಹಿಡಿದರೆ ನಿಮಿಷಕ್ಕೆ 4 ಲೀಟರ್ ಆಯಿತು. ದಿನಕ್ಕೆ 5,760 ಲೀಟರ್! ಬೆರಳು ದಪ್ಪದ ಧಾರೆಯೂ ಇಲ್ಲದ ಈ ನೀರು ರಾತ್ರಿಯೆಲ್ಲ ಹಳ್ಳ ಸೇರುತ್ತಿರುತ್ತದೆ. ಅದನ್ನು ಹಿಡಿದಿಡುವ ಟಾಂಕಿ ಇಲ್ಲದ್ದೇ ಕೊರತೆ.

ಇಂಥ ಪೈಪಿನಲ್ಲಿ ‘ನೀರು ಬರುತ್ತಿತ್ತು, ನಿಂತುಹೋಯಿತು’ ಎಂಬ ದೂರು ಬಂದರೆ ಬಹಳ ಸಲ ಕಾರಣ ಗಾಳಿ. ಪೈಪು ಇಳಿಯುತ್ತ ಬಂದು ನಡುವೆ ದಿಬ್ಬ ಹತ್ತಿ ಮತ್ತೆ ಇಳಿದರೆ ಆ ದಿಬ್ಬದ ನೆತ್ತಿಯಲ್ಲಿ ಗಾಳಿ ಕೂಡಿಕೊಂಡು ನೀರಿಗೆ ಅಡ್ಡ ನಿಲ್ಲುತ್ತದೆ. ಅಲ್ಲೊಂದು ‘ಟೀ’ ಹಾಕಿ, ಒರತೆಯ ಮಟ್ಟಕ್ಕಿಂತ ಎತ್ತರಕ್ಕೆ ತೆಳ್ಳನೆಯ ಪೈಪನ್ನು ನೆಟ್ಟಗೆ ನಿಲ್ಲಿಸಿ ಬಾಯಿ ತೆರೆದಿಡಬೇಕು. ಅಷ್ಟು ಎತ್ತರ ಆಗದಿದ್ದರೆ ಗಾಳಿ ಬಿಡುವ ವಾಲ್ವು ಸಿಗುತ್ತದೆ.

ಇನ್ನು ಉಳಿದವರಿಗೆ ಪಂಪೇ ಗತಿ. ಎಷ್ಟು ನೀರು ಬೇಕೆಂಬ ಲೆಕ್ಕದಿಂದ ಆರಂಭಿಸೋಣ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಇಟ್ಟುಕೊಂಡಿತು. ಮನೆಯಲ್ಲಿ ಆರು ಜನ, ಲೈನ್ ಮನೆಯಲ್ಲಿ ನಾಲ್ಕು ಜನ ಎಂದರೆ 550 ಲೀಟರ್. ಎರಡು ದನಕ್ಕೆ ಕುಡಿಯಲು, ಕೊಟ್ಟಿಗೆ ತೊಳೆಯಲು ಸುಮಾರು 140. ಪಾತ್ರೆ ಪರಟಿ, ನೆಂಟರು ಇಷ್ಟರು ಸೇರಿಸಿ ಸಾವಿರ ಲೀಟರ್ ಎಂದು ಹಿಡಿದರೆ ಧಾರಾಳವಾಯಿತು. ಲೈನ್ ಮನೆಯವರನ್ನು ಈ ಲೆಕ್ಕದಲ್ಲಿ ಮೊದಲೇ ಸೇರಿಸಬೇಕು. ಟಾಂಕಿ ಕಟ್ಟಿದ ಮೇಲೆ ‘ಅವರಿಗೂ ಒಂದು ನಲ್ಲಿ’ ಎಂದು ಎಳೆದುಕೊಟ್ಟರೆ ಬೇಸಿಗೆಯಲ್ಲಿ ಮೊದಲು ಒಣಗುವುದು ಆ ನಲ್ಲಿಯೇ.

ಈ ಸಾವಿರ ಲೀಟರನ್ನು ತೋಟದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ರೋಬಸ್ಟಾ ಹೂ ಬಿಡಿಸಲು ಒಂದು ಎಕರೆಗೆ ಒಂದು ಇಂಚು ನೀರು ಹಾರಿಸಿದರೆ ಒಂದು ಲಕ್ಷ ಲೀಟರಿಗೆ ತುಸು ಹೆಚ್ಚೇ ಖರ್ಚು. ಅಂದರೆ ಒಂದು ಎಕರೆಯ ಒಂದು ಸರದಿ ಎಂಬುದು ಆ ಮನೆಗೂ ಲೈನಿಗೂ ದನಕ್ಕೂ ಸೇರಿ ನೂರು ದಿನದ ನೀರು. ಒಂದೇ ಕೆರೆಗೆ ತೋಟದ ಪಂಪನ್ನೂ ಮನೆ ಪಂಪನ್ನೂ ಇಳಿಸಿದವರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ತೋಟದ ಪಂಪಿನ ಫುಟ್‌ವಾಲ್ವನ್ನು ಮನೆ ಪಂಪಿನದಕ್ಕಿಂತ ಮೂರ್ನಾಲ್ಕು ಅಡಿ ಮೇಲೆಯೇ ಕಟ್ಟಿಬಿಡಿ. ಆಗ ಸ್ಪ್ರಿಂಕ್ಲರು ತಾನಾಗಿ ನಿಲ್ಲುತ್ತದೆ, ಅಡುಗೆಮನೆಯ ಪಾಲು ಕೆರೆಯ ತಳದಲ್ಲಿ ಉಳಿಯುತ್ತದೆ. ಹೂಮಳೆಯ ಆತುರದಲ್ಲಿ ‘ಇನ್ನೊಂದು ಗಂಟೆ ಓಡಲಿ’ ಎನ್ನುವ ಆಸೆ ಎಲ್ಲರಿಗೂ ಇರುವುದೇ. ಆದ್ದರಿಂದ ಇದನ್ನು ಮನಸ್ಸಿನ ಬಿಗಿಗೆ ಬಿಡುವುದಕ್ಕಿಂತ ಹಗ್ಗದ ಅಳತೆಗೆ ಬಿಡುವುದು ಮೇಲು.

ಟಾಂಕಿ ನಾಲ್ಕು ದಿನಕ್ಕಾದರೂ ಸಾಕಾಗುವಂತಿರಲಿ, ಅಂದರೆ 4,000 ಲೀಟರ್. ಒಳಗೆ ಆರಡಿ ಅಗಲದ ದುಂಡು ಟಾಂಕಿಯಲ್ಲಿ ಐದು ಅಡಿ ನೀರು ನಿಂತರೆ ಅಷ್ಟಾಗುತ್ತದೆ. ಸಿಮೆಂಟು ರಿಂಗೋ, ಕೋಳಿಬಲೆ ಹಾಕಿ ಗಾರೆ ಬಳಿದ ಫೆರೋಸಿಮೆಂಟೋ, ಪ್ಲಾಸ್ಟಿಕ್ಕಿನದೋ, ಅವರವರ ಅನುಕೂಲ. ಸಿಮೆಂಟಿನದಾದರೆ ಎರಡು ವಾರ ನೀರುಣಿಸುವುದನ್ನು ತಪ್ಪಿಸಬಾರದು. ಮೊದಲ ಎರಡು ತುಂಬು ನೀರನ್ನು ಚೆಲ್ಲಿಬಿಡಬೇಕು. ಪ್ಲಾಸ್ಟಿಕ್ಕಿನದಾದರೆ ಬೆಳಕು ಒಳಗೆ ಹೋಗದಂಥದ್ದನ್ನೇ ಆರಿಸಿ, ಬೆಳಕು ಹೊಕ್ಕಲ್ಲಿ ಪಾಚಿ ಬಂತು.

ನಾಲ್ಕು ಸಾವಿರ ಲೀಟರ್ ಎಂದರೆ ನಾಲ್ಕು ಟನ್ನು ಭಾರ ಎಂಬುದನ್ನು ಮರೆಯಬಾರದು. ಗುಡ್ಡ ಕಡಿದು ಮಟ್ಟ ಮಾಡುವಾಗ ಒಳಬದಿ ಗಟ್ಟಿ ನೆಲ, ಹೊರಬದಿ ತಂದು ಸುರಿದ ಮಣ್ಣು. ಟಾಂಕಿ ಕೂರಬೇಕಾದದ್ದು ಗಟ್ಟಿ ನೆಲದ ಮೇಲೆ. ತುಂಬಿ ಹೊರಚೆಲ್ಲುವ ನೀರನ್ನು ಪೈಪಿನಲ್ಲಿ ಹಿಡಿದು ತೋಡಿನವರೆಗೆ ಒಯ್ಯಬೇಕು. ಆ ಪೈಪು ಒಳಬರುವ ಪೈಪಿಗಿಂತ ದೊಡ್ಡದಿರಬೇಕು. ಟಾಂಕಿಯ ಬುಡದಲ್ಲೇ ನೀರು ಇಂಗಲು ಬಿಟ್ಟರೆ ಗುಡ್ಡದ ಮಣ್ಣು ಮೆತ್ತಗಾಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆಯ ನೇರ ಮೇಲ್ಗಡೆ ಕಡಿದಾದ ದರೆ ಇದ್ದರೆ ಪಕ್ಕಕ್ಕೆ ಸರಿಸಿ ಕಟ್ಟುವುದೇ ಕ್ಷೇಮ, ನಾಲ್ಕು ಪೈಪು ಹೆಚ್ಚು ಹೋದರೂ ಸರಿಯೆ.

ಎತ್ತರ ಎಷ್ಟು? ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಮನೆಯ ನಲ್ಲಿಗೆ ನಾಲ್ಕೈದು ಮೀಟರ್ ಎತ್ತರವಿದ್ದರೂ ಬಚ್ಚಲಿಗೆ ನೀರು ಚೆನ್ನಾಗಿ ಬೀಳುತ್ತದೆ. ಜಾಗವಿದೆಯೆಂದು ಗುಡ್ಡದ ನೆತ್ತಿಗೇ ಒಯ್ದರೆ ಪಂಪಿಗೂ ಭಾರ, ನಲ್ಲಿಗೂ ಕೇಡು.

ಈಗ ಪಂಪು. ಅಂಗಡಿಗೆ ಹೋಗಿ ‘ಒಂದು ಅಶ್ವಶಕ್ತಿಯದು ಕೊಡಿ’ ಎನ್ನುವವರೇ ಹೆಚ್ಚು. ಕೇಳಬೇಕಾದದ್ದು ಬೇರೆ: ಇಷ್ಟು ಮೀಟರಿಗೆ ಎತ್ತಿದಾಗ ಸೆಕೆಂಡಿಗೆ ಎಷ್ಟು ಲೀಟರ್ ಕೊಡುತ್ತದೆ? ಒಂದು ಉದಾಹರಣೆ ನೋಡೋಣ. ಬೇಸಿಗೆಯಲ್ಲಿ ಬಾವಿಯ ಬಾಯಿಂದ ನೀರಿಗೆ 7 ಮೀಟರ್, ಬಾವಿಯ ಬಾಯಿಂದ ಟಾಂಕಿಯ ತಲೆಗೆ 22 ಮೀಟರ್. ಒಟ್ಟು 29. ಪೈಪಿನ ಉದ್ದ 150 ಮೀಟರ್, ಸೆಕೆಂಡಿಗೆ ಅರ್ಧ ಲೀಟರ್ ಬೇಕು. ಪೈಪಿನ ಒಳ ಅಗಲ 20 ಮಿಲಿಮೀಟರಾದರೆ ಬರೇ ತಿಕ್ಕಾಟಕ್ಕೇ ಸುಮಾರು 24 ಮೀಟರ್ ನಷ್ಟ. ಪಂಪಿನ ಪಾಲಿಗೆ ಇನ್ನೊಂದು ಗುಡ್ಡ ಹತ್ತಿದಂತೆ. 25 ಆದರೆ 8 ಮೀಟರ್, 32 ಆದರೆ ಎರಡೂವರೆ. ಪೈಪು ಒಮ್ಮೆಯ ಖರ್ಚು, ವಿದ್ಯುತ್ತು ದಿನದಿನದ ಖರ್ಚು. ಕಪ್ಪು ಪೈಪಿನ ಮೇಲೆ ಬರೆದಿರುವುದು ಹೊರ ಅಗಲ ಎಂಬುದನ್ನೂ ಗಮನಿಸಿ. 32 ಎಂದಿದ್ದರೆ ಒಳಗೆ ಅಷ್ಟಿರುವುದಿಲ್ಲ.

ಒಳಗೆ 32 ಇರುವ ಪೈಪು ಹಾಕಿದೆವೆನ್ನಿ. ಬಾಗು ವಾಲ್ವುಗಳ ನಷ್ಟ ಸೇರಿಸಿ 33 ಮೀಟರ್. ಲೀಟರನ್ನು ಮೀಟರಿನಿಂದ ಗುಣಿಸಿ 75ರಿಂದ ಭಾಗಿಸಿದರೆ 0.22 ಅಶ್ವಶಕ್ತಿ. ಸಣ್ಣ ಪಂಪು ತಿಂದ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚನ್ನಷ್ಟೇ ನೀರಿಗೆ ಕೊಡುತ್ತದೆಂದು ಹಿಡಿದರೆ 0.6 ಆಯಿತು. ಮುಕ್ಕಾಲು ಅಶ್ವಶಕ್ತಿ ಸಾಕು, ಒಂದು ಧಾರಾಳ. ಗಂಟೆಗೆ 1,800 ಲೀಟರ್ ಬರುವುದರಿಂದ ದಿನದ ನೀರಿಗೆ 35 ನಿಮಿಷದ ಓಟ.

ಹೀರುವ ಆಳದ ವಿಚಾರದಲ್ಲಿ ನಮ್ಮ ಸೀಮೆಯವರು ಹೆಚ್ಚು ಜಾಗ್ರತೆಯಾಗಿರಬೇಕು. ಮೇಲೆ ಕೂತ ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಅದರೊಳಗೆ ನೂಕುತ್ತದೆ. ಸಮುದ್ರದ ಮಟ್ಟದಲ್ಲೇ ಆರೇಳು ಮೀಟರಿಗಿಂತ ಹೆಚ್ಚು ನಡೆಯದು. ಸಾವಿರ ಮೀಟರ್ ಎತ್ತರದ ಕಾಫಿ ನಾಡಿನಲ್ಲಿ ಅದರಲ್ಲೂ ಒಂದು ಮೀಟರಿಗೂ ಹೆಚ್ಚು ಕಡಿತ. ಮಂಗಳೂರಿನ ಭಾವನ ಮನೆಯಲ್ಲಿ ಎತ್ತುವ ಪಂಪು ಮಡಿಕೇರಿಯಲ್ಲಿ ಮುನಿಸಿಕೊಂಡರೆ ಪಂಪಿನ ತಪ್ಪಲ್ಲ. ಏಪ್ರಿಲ್‌ನಲ್ಲಿ ನೀರು 5 ಮೀಟರಿಗಿಂತ ಕೆಳಗೆ ಹೋಗುವ ಬಾವಿಗೆ, ನೀರಿನೊಳಗೇ ಇರುವ ತೆರೆದಬಾವಿಯ ಸಬ್‌ಮರ್ಸಿಬಲ್ ಪಂಪನ್ನೇ ನಾವು ಹೇಳುತ್ತೇವೆ. ಫುಟ್‌ವಾಲ್ವಿನ ಕಾಟವೂ ತಪ್ಪುತ್ತದೆ, ಹಬ್ಬದ ಬೆಳಿಗ್ಗೆ ಪಂಪಿಗೆ ನೀರು ಹೊಯ್ಯುತ್ತ ಕೂರುವುದೂ ತಪ್ಪುತ್ತದೆ.

ವಿದ್ಯುತ್ತಿಲ್ಲದಾಗ ಪೆಟ್ರೋಲು ಅಥವಾ ಡೀಸೆಲ್ ಎಂಜಿನನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸುವ ಅಭ್ಯಾಸ ಕೆಲವೆಡೆ ಇದೆ. ದಯವಿಟ್ಟು ಇದನ್ನು ಯಾರೂ ಮಾಡಕೂಡದು. ಎಂಜಿನಿನ ಹೊಗೆಯಲ್ಲಿರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಬಿದ್ದಾಗ ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಎಂಜಿನು ಯಾವಾಗಲೂ ಬಾವಿಯ ಹೊರಗೇ ಇರಬೇಕು. ವಿದ್ಯುತ್ತಿನ ಪಂಪಿಗೆ ಸರಿಯಾದ ಭೂಸಂಪರ್ಕ, ಸೋರಿದ ವಿದ್ಯುತ್ತಿಗೆ ತಾನಾಗಿ ಬೀಳುವ 30 ಮಿಲಿ ಆಂಪಿಯರಿನ ಸ್ವಿಚ್ಚು, ಇವೆರಡೂ ಇರಲೇಬೇಕು. ಸಂಜೆ ವೋಲ್ಟೇಜು ಇಳಿದಾಗ ಓಡಿಸಿದರೆ ಸುರುಳಿ ಸುಡುತ್ತದೆ. ಮಧ್ಯಾಹ್ನವೇ ತುಂಬಿಸಿಟ್ಟುಕೊಳ್ಳಿ, ಗುಡುಗಿನ ಮೋಡ ಏಳುವ ಮೊದಲು.

ವರ್ಷವಿಡೀ ಹರಿಯುವ ಹಳ್ಳ, ಅದರಲ್ಲಿ ಎರಡು ಮೂರು ಮೀಟರಿನ ಇಳಿತ ಇದ್ದವರು ಹೈಡ್ರಾಮ್‌ನ್ನೂ ಯೋಚಿಸಬಹುದು. 1796ರಲ್ಲಿ ಫ್ರಾನ್ಸಿನ ಮಾಂಗೋಲ್ಫಿಯೆ ರೂಪಿಸಿದ ಈ ಯಂತ್ರಕ್ಕೆ ವಿದ್ಯುತ್ತು ಬೇಡ, ಎಣ್ಣೆ ಬೇಡ. ಬೀಳುವ ನೀರಿನ ಗುದ್ದೇ ಅದರಲ್ಲೊಂದಷ್ಟನ್ನು ಮೇಲಕ್ಕೆ ತಳ್ಳುತ್ತದೆ. ಸೆಕೆಂಡಿಗೆ ಒಂದು ಲೀಟರ್ ನೀರು 3 ಮೀಟರ್ ಬಿದ್ದರೆ, 30 ಮೀಟರ್ ಎತ್ತರಕ್ಕೆ ದಿನಕ್ಕೆ 5,000 ಲೀಟರಿನಷ್ಟು ಏರಿಸಬಹುದು. ಮಳೆಗಾಲದ ನೆರೆಗೆ ಸಿಕ್ಕದಂತೆ ಕೂರಿಸುವುದೇ ಇದರಲ್ಲಿ ದೊಡ್ಡ ಕೆಲಸ.

ಟಾಂಕಿಗೆ ಪೈಪು ಜೋಡಿಸುವುದರಲ್ಲೂ ಒಂದು ಉಪಾಯವಿದೆ. ಪಂಪಿನ ಪೈಪು ಮೇಲಿನಿಂದ ಬೀಳಲಿ, ಆಗ ವಾಲ್ವು ಕೆಟ್ಟರೂ ಟಾಂಕಿ ಬಾವಿಗೆ ಬರಿದಾಗದು. ಅಂಗಳ, ಕೊಟ್ಟಿಗೆ, ಸಿಂಪಡಣೆಗೆ ಹೋಗುವ ಪೈಪನ್ನು ಟಾಂಕಿಯ ಅರ್ಧ ಎತ್ತರದಲ್ಲಿ ತೂತು ಮಾಡಿ ಜೋಡಿಸಿ. ಅಡುಗೆಮನೆ, ಲೈನ್ ಮನೆಯದನ್ನು ತಳದಿಂದ ನಾಲ್ಕಂಗುಲ ಮೇಲೆ. ಯಾರಾದರೂ ಅಂಗಳದ ನಲ್ಲಿ ಬಿಟ್ಟು ಮರೆತರೂ ಕೆಳಗಿನ ಅರ್ಧ ಟಾಂಕಿ ಕುಡಿಯಲು ಉಳಿಯುತ್ತದೆ. ಗಾಳಿಕಿಂಡಿಗೂ ಹೊರಚೆಲ್ಲುವ ಪೈಪಿಗೂ ಸಣ್ಣ ಕಣ್ಣಿನ ಬಲೆ ಕಟ್ಟಬೇಕು, ಡೆಂಗಿಯ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ಮುಚ್ಚಳಕ್ಕೆ ಕೊಂಡಿ ಹಾಕಿ, ಮಂಗ ಎತ್ತಲಾರದಷ್ಟು ಬಿಗಿಯಾಗಿ. ಪೈಪನ್ನು ಒಂದೂವರೆ ಅಡಿ ಹೂಳಿದರೆ ಕಳೆ ಸವರುವ ಕತ್ತಿಯಿಂದಲೂ ಮುಳ್ಳುಹಂದಿಯಿಂದಲೂ ಉಳಿಯುತ್ತದೆ. ಆನೆಯ ಕಾಲಿಗೆ ಮಾತ್ರ ನಮ್ಮಲ್ಲಿ ಮದ್ದಿಲ್ಲ.

ಬೋರ್ಡೋ ದ್ರಾವಣದ ಪೀಪಾಯಿಗೆ ನೀರು ಬಿಡುವಾಗ ಪೈಪಿನ ತುದಿಯನ್ನು ದ್ರಾವಣದಲ್ಲಿ ಮುಳುಗಿಸಬೇಡಿ. ಆ ಹೊತ್ತಿಗೆ ಕೆಳಗೆಲ್ಲೋ ನಲ್ಲಿ ತೆರೆದು, ಮೇಲಿನಿಂದ ನೀರು ನಿಂತರೆ, ಮೈಲುತುತ್ತದ ನೀರು ಹಿಂದಕ್ಕೆ ಹೀರಲ್ಪಟ್ಟು ಕುಡಿಯುವ ಪೈಪಿಗೆ ಸೇರುತ್ತದೆ. ಪೀಪಾಯಿಯ ಬಾಯಿಗಿಂತ ಒಂದು ಗೇಣು ಮೇಲಿನಿಂದ ನೀರು ಬೀಳಲಿ. ಕೀಟನಾಶಕದ ಪೀಪಾಯಿಯಾದರಂತೂ ಹೇಳಬೇಕಾದ್ದೇ ಇಲ್ಲ.

ಪಲ್ಪರ್ ಇಟ್ಟವರಿಗೂ ಒಂದು ಮಾತು. ಡಿಸೆಂಬರ್ ಜನವರಿಯಲ್ಲಿ ಹಣ್ಣು ಸುಲಿದ ನೀರನ್ನು ಹಳ್ಳಕ್ಕೆ ಬಿಟ್ಟರೆ ಕೆಳಗಿನ ಮನೆಯ ಫುಟ್‌ವಾಲ್ವು ಅದನ್ನೇ ಹೀರುತ್ತದೆ. ಹಳ್ಳ ಸೊರಗಿರುವ ಕಾಲ, ನೀರು ಕಪ್ಪಗಾಗಿ ನಾರುತ್ತದೆ, ಮೀನು ಸಾಯುತ್ತದೆ. ಕೆಳಗಿನ ಮನೆಯವರೂ ನಮ್ಮ ಸಂಘದ ಸದಸ್ಯರೇ ಆಗಿರುವುದು ಅಪರೂಪವಲ್ಲ. ಆ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ತಿಳಿಯಾದ ಮೇಲೂ ಹಳ್ಳಕ್ಕಲ್ಲ, ತೋಟದೊಳಕ್ಕೇ ತಿರುಗಿಸಬೇಕು.

ಮಳೆಗಾಲದಲ್ಲಿ ಬಾವಿ ಕೆಂಪಾದಾಗ ನೀರನ್ನು ತಿಳಿಯಾಗಲು ಬಿಟ್ಟು, ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಟಾಂಕಿಗೆ ಹೊಯ್ದು, ಒಂದು ಗಂಟೆ ಬಿಟ್ಟು ಬಳಸಿ. ಡಬ್ಬಿ ತೆರೆದಿಟ್ಟು ಹಳೆಯದಾದ ಪುಡಿಯಲ್ಲಿ ಸತ್ವವಿರುವುದಿಲ್ಲ.

ಪಂಪು ಕೊಳ್ಳಲು ಹೊರಡುವ ಸದಸ್ಯರು ನಾಲ್ಕು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಏಪ್ರಿಲ್ ಕೊನೆಯ ಬಾವಿ ನೀರಿನ ಆಳ, ಬಾವಿಯ ಬಾಯಿಂದ ಟಾಂಕಿಯ ತಲೆಗೆ ಎತ್ತರ, ಪೈಪಿನ ದಾರಿಯ ಉದ್ದ, ದಿನಕ್ಕೆ ಬೇಕಾದ ಲೀಟರು. ಎತ್ತರ ಅಳೆಯಲು ಮೇಸ್ತ್ರಿಯ ಬಳಿಯ ಪಾರದರ್ಶಕ ನೀರುಕೊಳವೆ ಮತ್ತು ಗಳು ಸಾಕು. ಇಬ್ಬರು ಹಿಡಿದು ಒಂದೊಂದೇ ಗಳು ಏರುತ್ತ ಹೋದರೆ ಅರ್ಧ ದಿನದ ಕೆಲಸ. ಆ ಚೀಟಿಯನ್ನು ಮುಂದಿಟ್ಟು ಕೇಳಿದಾಗ, ಪಂಪಿನ ಜೊತೆ ಬರುವ ಪಟ್ಟಿಯಲ್ಲಿ ನಿಮ್ಮ ಎತ್ತರಕ್ಕೆ ಎಷ್ಟು ಲೀಟರೆಂದು ಅಂಗಡಿಯವರು ತೋರಿಸಲೇಬೇಕು. ಪಟ್ಟಿ ಇಲ್ಲವೆಂದರೆ ಆ ಪಂಪು ಬೇಡ.